ಬೀದಿ ದೀಪದ ಲೆಕ್ಕ: ಜನಾಂಗೀಯ ನ್ಯಾಯದ ಸಲಹೆಗಾರರು ಮಾಡಬೇಕಾದ ಕೆಲಸ ಯಾವುದು?

ಅಮೆರಿಕದ ಸಿಯಾಟಲ್ ನಗರದಲ್ಲಿ ಮೊದಲು ಬೀದಿ ದೀಪ ಕೆಟ್ಟರೆ ಯಾರಾದರೂ ಫೋನ್ ಮಾಡಿ ದೂರು ಕೊಡಬೇಕಿತ್ತು. ದೂರು ಬಂದ ಬೀದಿಗೆ ನಗರದ ವಿದ್ಯುತ್ ಇಲಾಖೆಯವರು ಹೋಗಿ ಬಲ್ಬ್ ಬದಲಿಸುತ್ತಿದ್ದರು. ಕೇಳುವುದಕ್ಕೆ ಇದರಲ್ಲಿ ಏನೂ ತಪ್ಪಿಲ್ಲ, ಅಲ್ವಾ? ಫೋನ್ ನಂಬರ್ ಎಲ್ಲರಿಗೂ ಒಂದೇ. ಬಿಳಿಯರ ಬೀದಿಗೆ ಒಂದು ನಿಯಮ, ಕಪ್ಪು ಜನರ ಬೀದಿಗೆ ಇನ್ನೊಂದು ನಿಯಮ ಅಂತ ಎಲ್ಲೂ ಬರೆದಿರಲಿಲ್ಲ.

ಆದರೆ ದೂರು ಎಲ್ಲ ಕಡೆಯಿಂದ ಒಂದೇ ತರ ಬರುತ್ತಿರಲಿಲ್ಲ. ಅನುಕೂಲವಂತ ಬಿಳಿಯರು ಇರುವ ಬಡಾವಣೆಗಳಿಂದ ಕರೆ ಜಾಸ್ತಿ. ಎರಡೆರಡು ಕೆಲಸ ಮಾಡುವವರು, ಇಂಗ್ಲಿಷ್ ಸರಿಯಾಗಿ ಬಾರದವರು, ಸರ್ಕಾರಕ್ಕೆ ಫೋನ್ ಮಾಡಿದರೆ ಕೆಲಸ ಆಗುತ್ತದೆ ಎಂಬ ನಂಬಿಕೆಯೇ ಇಲ್ಲದವರು ಇರುವ ಕಡೆಯಿಂದ ಕಡಿಮೆ. ಹಾಗಾಗಿ ಕತ್ತಲೆ ಅಲ್ಲೇ ಉಳಿಯುತ್ತಿತ್ತು. ಇದನ್ನು ಗಮನಿಸಿದ ಮೇಲೆ ನಗರ ಪದ್ಧತಿಯನ್ನೇ ಬದಲಿಸಿತು. ದೂರಿಗೆ ಕಾಯದೆ, ಬಲ್ಬಿನ ಆಯಸ್ಸು ಲೆಕ್ಕ ಹಾಕಿ ಎಲ್ಲ ಬೀದಿಗಳಲ್ಲೂ ಸರದಿಯ ಪ್ರಕಾರ ಬದಲಿಸುವುದು ಅಂತ ಆಯಿತು. ಯಾರೂ ಯಾರನ್ನೂ ಜನಾಂಗದ್ವೇಷಿ ಎಂದು ಕರೆಯಲಿಲ್ಲ. ಯಾರೂ ಅಳಲಿಲ್ಲ. ಬೀದಿಗೆ ಬೆಳಕು ಬಂತು.

'ರೇಷಿಯಲ್ ಈಕ್ವಿಟಿ', ಅಂದರೆ ಜನಾಂಗೀಯ ನ್ಯಾಯ, ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸಿಯಾಟಲ್ ನಗರಾಡಳಿತ 2000ರ ದಶಕದ ಮಧ್ಯದಲ್ಲಿ, ಮೇಯರ್ ಗ್ರೆಗ್ ನಿಕಲ್ಸ್ ಕಾಲದಲ್ಲಿ, ತನ್ನ ಇಲಾಖೆಗಳಿಗೆಲ್ಲ ಇಂಥ ಪ್ರಶ್ನೆಗಳನ್ನು ಕೇಳಿಕೊಳ್ಳುವ ಕೆಲಸ ಹಚ್ಚಿತು. ಈ ನಿಯಮದಿಂದ ಯಾರಿಗೆ ಲಾಭ? ಯಾರ ಮೇಲೆ ಹೊರೆ? ನಿಯಮ ಮಾಡುವಾಗ ಅವರನ್ನು ಕೇಳಿದ್ದೀರಾ? ಇವೇ ಪ್ರಶ್ನೆಗಳನ್ನು ಇಟ್ಟುಕೊಂಡು ಸಣ್ಣಪುಟ್ಟ ಸಮುದಾಯ ಸಂಸ್ಥೆಗಳಿಗೆ ನೆರವಾಗುವ ಸಲಹೆಗಾರರ ದೊಡ್ಡ ವಲಯವೇ ಅಮೆರಿಕದಲ್ಲಿ ಬೆಳೆಯಿತು. ಈಗ ಆ ವಲಯ ಕೋರ್ಟಿನ ತೀರ್ಪು, ಸರ್ಕಾರದ ಆದೇಶಗಳಿಂದ ದೊಡ್ಡ ಹೊಡೆತ ತಿನ್ನುತ್ತಿದೆ. ಹೊಡೆತದ ಗದ್ದಲದಲ್ಲಿ ಒಂದು ವಿಷಯ ಮರೆತುಹೋಗುತ್ತಿದೆ. ಈ ಸಲಹೆಗಾರರು ಮಾಡುವುದು ಒಂದೇ ಕೆಲಸ ಅಲ್ಲ, ಎರಡು. ಒಂದು, ಜನರ ಮನಸ್ಸು ತಿದ್ದುವುದು. ಇನ್ನೊಂದು, ನಿಯಮ ತಿದ್ದುವುದು. ಮೊದಲನೆಯದಕ್ಕೆ ಹೆಸರು ಜಾಸ್ತಿ, ಬೈಗುಳವೂ ಜಾಸ್ತಿ. ಫಲ ಸಿಕ್ಕಿದ್ದು ಮಾತ್ರ ಎರಡನೆಯದರಲ್ಲಿ.

ಸಮಾನತೆಗೂ ಈಕ್ವಿಟಿಗೂ ಏನು ವ್ಯತ್ಯಾಸ ಅಂತ ಕೇಳಿದರೆ ನಮಗೆ ಪಂಕ್ತಿ ಊಟ ನೆನಪಾಗಬೇಕು. ಎಲೆ ಮುಂದೆ ಕೂತವರಿಗೆಲ್ಲ ಒಂದೇ ಅಳತೆಯಲ್ಲಿ ಬಡಿಸಿದರೆ ಅದು ಸಮಾನವಾಗಿ ಬಡಿಸಿದ ಹಾಗೆ. ಆದರೆ ಪಂಕ್ತಿಯಲ್ಲಿ ಕೂರುವುದಕ್ಕೇ ಯಾರನ್ನು ಬಿಡಲಿಲ್ಲ, ಯಾರನ್ನು ಹೊರಗೆ ಕೂರಿಸಿದರು, ಯಾರಿಗೆ ಕೊನೆಯ ಪಂಕ್ತಿ ಅಂತ ನೋಡದೆ ಬರೀ ಸೌಟಿನ ಅಳತೆ ನೋಡಿದರೆ ಸಾಲುವುದಿಲ್ಲ. 'ಪಂಕ್ತಿಭೇದ' ಅನ್ನುವ ಪದವೇ ನಮ್ಮ ಭಾಷೆಯಲ್ಲಿದೆ. ಅದರ ನೋವು ಗೊತ್ತಿರುವವರಿಗೆ ಈಕ್ವಿಟಿ ಅಂದರೇನು ಅಂತ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ ಹೊರಗೆ ಕೂರಿಸಿದ್ದು ಕಾಗದದ ಮೇಲೇ ಇತ್ತು. ಮಿನ್ನಿಯಾಪೊಲಿಸ್ ನಗರದಲ್ಲಿ 1910ರಲ್ಲಿ ಆದ ಒಂದು ಮನೆ ಪತ್ರದಲ್ಲಿ ಚೀನಿಯರು, ಜಪಾನಿಯರು, ತುರ್ಕರು, ಕಪ್ಪು ಜನರು, ಹೀಗೆ ಪಟ್ಟಿ ಕೊಟ್ಟು, ಇಂಥ ರಕ್ತದವರಿಗೆ ಈ ಜಾಗವನ್ನು ಮಾರಬಾರದು, ಅಡ ಇಡಬಾರದು, ಬಾಡಿಗೆಗೂ ಕೊಡಬಾರದು ಎಂದು ಬರೆದಿದೆ. ಇಂಥ ಪತ್ರಗಳನ್ನು ಮಿನ್ನೆಸೊಟಾ ವಿಶ್ವವಿದ್ಯಾಲಯದ ಒಂದು ತಂಡ ಸಾವಿರಗಟ್ಟಲೆ ಹುಡುಕಿ ನಕ್ಷೆಯ ಮೇಲೆ ಗುರುತು ಹಾಕಿದೆ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆಯೇ ನಗರಗಳ ನಕ್ಷೆ ಬರೆಸಿ, ಕಪ್ಪು ಜನ ಇರುವ ಕಡೆಗೆ ಕೆಂಪು ಬಣ್ಣ ಬಳಿಯಿತು. ಕೆಂಪು ಅಂದರೆ ಸಾಲ ಕೊಡುವುದು ಅಪಾಯ ಎಂದು ಅರ್ಥ. ಮನೆ ಮಾರಾಟ, ಬಾಡಿಗೆಯಲ್ಲಿ ಇಂಥ ಭೇದವನ್ನು ದೇಶದ ಕಾನೂನು ತಡೆದಿದ್ದು 1968ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರು ಮನೆ ಇಲ್ಲದೆ, ಮನೆಯ ಮೇಲೆ ಬೆಳೆಯುವ ಆಸ್ತಿ ಇಲ್ಲದೆ ಕಳೆದಿತ್ತು. 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸನ ಮೊಣಕಾಲಿನ ಕೆಳಗೆ ಸತ್ತಿದ್ದು ಇದೇ ಮಿನ್ನಿಯಾಪೊಲಿಸ್‌ನಲ್ಲಿ.

ಆ ಸಾವಿನ ನಂತರ ದೇಶದ ತುಂಬ ಸಮುದಾಯ ಸಂಸ್ಥೆಗಳು ಸಲಹೆಗಾರರನ್ನು ಹುಡುಕಿಕೊಂಡು ಹೋದವು. ಉಚಿತ ದಿನಸಿ ಕೊಡುವ ಫುಡ್ ಪ್ಯಾಂಟ್ರಿಗಳು, ಮಕ್ಕಳ ಕೇಂದ್ರಗಳು, ಬಾಡಿಗೆದಾರರ ಸಂಘಗಳು, ಎಲ್ಲವೂ. ಆದರೆ ಈ ಕೆಲಸ 2020ರಲ್ಲಿ ಹುಟ್ಟಿದ್ದಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ರಾನ್ ಚಿಸಮ್ ಮತ್ತು ಜಿಮ್ ಡನ್ ಎಂಬ ಇಬ್ಬರು ಸಂಘಟಕರು 1980ರಲ್ಲೇ ಒಂದು ಸಂಸ್ಥೆ ಕಟ್ಟಿ, ಬಡಾವಣೆಗಳಲ್ಲಿ ಕೆಲಸ ಮಾಡುವವರಿಗೆ ಜನಾಂಗಭೇದ ಹೇಗೆ ನಡೆಯುತ್ತದೆ ಅಂತ ಕಲಿಸಲು ಶುರು ಮಾಡಿದ್ದರು. ಅವರಿಗೆ ಅದು ಹೋರಾಟದ ಒಂದು ಭಾಗ. ಸಂಘಟನೆ ಮೊದಲು, ಪಾಠ ಅದರ ಜೊತೆಗೆ. 2020ರ ನಂತರ ಅದೇ ಪಾಠ ಸಂಘಟನೆಯಿಂದ ಕಳಚಿಕೊಂಡು ಬಿಡಿಬಿಡಿಯಾಗಿ ಮಾರಾಟಕ್ಕೆ ಬಂತು. ಅರ್ಧ ದಿನದ ತರಬೇತಿ, ಒಂದು ಜೂಮ್ ಮೀಟಿಂಗ್, ಕೊನೆಗೊಂದು ಸರ್ಟಿಫಿಕೇಟ್. ನನಗೆ ಬೇಸರ ಇರುವುದು ಇಲ್ಲಿ.

ತರಬೇತಿಯಿಂದ ಏನಾಗುತ್ತದೆ ಎಂದು ಸಮಾಜಶಾಸ್ತ್ರಜ್ಞರು ಸುಮ್ನೆ ಊಹಿಸಿಲ್ಲ, ಎಣಿಸಿದ್ದಾರೆ. ಅಲೆಕ್ಸಾಂಡ್ರಾ ಕಲೆವ್, ಫ್ರ್ಯಾಂಕ್ ಡಾಬಿನ್ ಮತ್ತು ಎರಿನ್ ಕೆಲ್ಲಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 708 ಖಾಸಗಿ ಕೆಲಸದ ಜಾಗಗಳ ಮೂರು ದಶಕಗಳ ಲೆಕ್ಕ ಅದು. ಪೂರ್ವಗ್ರಹ ಕಡಿಮೆ ಮಾಡುವ ತರಬೇತಿಗಳಿಂದ ಮ್ಯಾನೇಜರ್ ಹುದ್ದೆಗಳಲ್ಲಿ ಕಪ್ಪು ಜನರ, ಮಹಿಳೆಯರ ಸಂಖ್ಯೆ ಹೆಚ್ಚಾಗಿದ್ದು ತೀರಾ ಕಡಿಮೆ. ಚೆನ್ನಾಗಿ ಕೆಲಸ ಮಾಡಿದ್ದು ಹೊಣೆ ಹೊರಿಸುವ ಕ್ರಮಗಳು. ಗುರಿ ಬರೆದಿಟ್ಟ ಯೋಜನೆ, ಅದನ್ನು ನೋಡಿಕೊಳ್ಳುವ ಸಮಿತಿ, ಅದಕ್ಕಾಗಿಯೇ ನೇಮಿಸಿದ ಸಿಬ್ಬಂದಿ. ಹತ್ತು ವರ್ಷದ ನಂತರ, 2016ರಲ್ಲಿ, ಡಾಬಿನ್ ಮತ್ತು ಕಲೆವ್ ಇನ್ನೊಂದು ಮಾತು ಹೇಳಿದರು. ಮ್ಯಾನೇಜರ್‌ಗಳಿಗೆ ತರಬೇತಿ ಕಡ್ಡಾಯ ಮಾಡಿದ ಕಂಪನಿಗಳಲ್ಲಿ ಐದು ವರ್ಷದ ಬಳಿಕ ಮ್ಯಾನೇಜರ್‌ಗಳ ಪೈಕಿ ಕಪ್ಪು ಮಹಿಳೆಯರ ಪಾಲು ಸರಾಸರಿ 9% ಇಳಿದಿತ್ತು. ಏಷ್ಯನ್ ಅಮೆರಿಕನ್ನರದ್ದು 4ರಿಂದ 5% ಇಳಿದಿತ್ತು. ಬಲವಂತವಾಗಿ ಕೂರಿಸಿ ಪಾಠ ಹೇಳಿದರೆ ಜನ ಒಳಗೊಳಗೇ ಸೆಟೆದುಕೊಳ್ಳುತ್ತಾರೆ. ಇದನ್ನು ಒಪ್ಪಿಕೊಳ್ಳುವುದರಿಂದ ಜನಾಂಗಭೇದದ ವಿರುದ್ಧದ ಕೆಲಸಕ್ಕೆ ಅವಮಾನ ಆಗುವುದಿಲ್ಲ. ಒಪ್ಪಿಕೊಳ್ಳದೆ ಹೋದರೆ ಆಗುತ್ತದೆ.

ಇವು ಕಂಪನಿಗಳ ಲೆಕ್ಕ, ಸಮುದಾಯ ಸಂಸ್ಥೆಗಳ ಕತೆ ಬೇರೆ ಅನ್ನಬಹುದು. ಅಲ್ಲಿ ಕೆಲಸ ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ಬಂದಿರುತ್ತಾರೆ, ನಿಜ. ಆದರೆ ಕುರ್ಚಿಯಲ್ಲಿ ಕೂತವರು ಯಾರು ಅಂತ ನೋಡಿ. ಲಾಭರಹಿತ ಸಂಸ್ಥೆಗಳ ಆಡಳಿತ ಮಂಡಳಿಗಳ ಬಗ್ಗೆ ಬೋರ್ಡ್‌ಸೋರ್ಸ್ ಎಂಬ ಸಂಸ್ಥೆ 2017ರಲ್ಲಿ ಕೊಟ್ಟ ವರದಿಯ ಪ್ರಕಾರ ಮುಖ್ಯಸ್ಥರಲ್ಲಿ 90% ಬಿಳಿಯರು. ಬೋರ್ಡ್ ಸದಸ್ಯರಲ್ಲಿ 84%. ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಬೋರ್ಡ್‌ಗಳಲ್ಲಿ ಬಿಳಿಯರಲ್ಲದವರು ಒಬ್ಬರೂ ಇರಲಿಲ್ಲ. 'ಅರ್ಹರು ಸಿಗುವುದಿಲ್ಲ, ಅವರಿಗೆ ಆಸಕ್ತಿ ಇಲ್ಲ' ಎಂಬ ಉತ್ತರ ಯಾವಾಗಲೂ ಸಿದ್ಧ. ಬಿಲ್ಡಿಂಗ್ ಮೂವ್‌ಮೆಂಟ್ ಪ್ರಾಜೆಕ್ಟ್ ಎಂಬ ಸಂಸ್ಥೆ 2016ರಲ್ಲಿ ಈ ವಲಯದ 4,000ಕ್ಕೂ ಹೆಚ್ಚು ಜನರನ್ನು ಕೇಳಿತು. ಮುಖ್ಯಸ್ಥರಾಗುವ ಆಸೆ ಬಿಳಿಯರಲ್ಲದವರಲ್ಲಿ 50% ಜನರಿಗೆ, ಬಿಳಿಯರಲ್ಲಿ 40% ಜನರಿಗೆ ಇತ್ತು. ಓದು, ಅನುಭವದಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಆಸೆ ಇದೆ, ಅರ್ಹತೆ ಇದೆ, ಕುರ್ಚಿ ಮಾತ್ರ ಇಲ್ಲ.

ದುಡ್ಡಿನ ವಿಷಯ ಇನ್ನೂ ಗಟ್ಟಿ. ಎಕೋಯಿಂಗ್ ಗ್ರೀನ್ ಮತ್ತು ಬ್ರಿಡ್ಜ್‌ಸ್ಪ್ಯಾನ್ ಎಂಬ ಎರಡು ಸಂಸ್ಥೆಗಳು 2020ರಲ್ಲಿ ಎಕೋಯಿಂಗ್ ಗ್ರೀನ್‌ಗೆ ಅರ್ಜಿ ಹಾಕಿದ್ದ, ಭರವಸೆ ಇದೆ ಎಂದು ಆರಿಸಿದ್ದ ಹೊಸ ಸಂಸ್ಥೆಗಳ ಲೆಕ್ಕ ತೆಗೆದವು. ಕಪ್ಪು ಜನ ನಡೆಸುವ ಸಂಸ್ಥೆಗಳ ಆದಾಯ ಬಿಳಿಯರು ನಡೆಸುವ ಸಂಸ್ಥೆಗಳಿಗಿಂತ 24% ಕಡಿಮೆ. ಅದಕ್ಕಿಂತ ನೋವಿನ ಅಂಕಿ ಇನ್ನೊಂದು. ಇಂಥದ್ದಕ್ಕೇ ಖರ್ಚು ಮಾಡಿ ಎಂಬ ಷರತ್ತಿಲ್ಲದೆ ಕೈಯಲ್ಲಿರುವ ಹಣ 76% ಕಡಿಮೆ. ಅಂದರೆ ದಾನಿಗಳು ಕೊಟ್ಟಾಗಲೂ ನಂಬಿ ಕೊಡಲಿಲ್ಲ. ಪ್ರತಿ ಡಾಲರಿಗೂ ಒಂದು ಹಗ್ಗ ಕಟ್ಟಿಯೇ ಕೊಟ್ಟರು. ಇದನ್ನು ಯಾವ ತರಬೇತಿ ಸರಿ ಮಾಡುತ್ತದೆ? ದಾನಿ ಸಂಸ್ಥೆಯ ಅರ್ಜಿ ನಮೂನೆ, ಷರತ್ತು, ಆಯ್ಕೆ ಸಮಿತಿ ಬದಲಾದರೆ ಮಾತ್ರ ಇದು ಬದಲಾಗುತ್ತದೆ.

ಹಾಗಾದರೆ ಒಳ್ಳೆಯ ಸಲಹೆಗಾರರು ಏನು ಮಾಡುತ್ತಾರೆ? ಒಂದು ಫುಡ್ ಪ್ಯಾಂಟ್ರಿ ಇದೆ ಎಂದುಕೊಳ್ಳೋಣ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 10ರಿಂದ 3ರವರೆಗೆ ತೆರೆದಿರುತ್ತದೆ. ಫಾರಂ ಇಂಗ್ಲಿಷಿನಲ್ಲಿ ಮಾತ್ರ. ಗುರುತಿನ ಚೀಟಿ, ವಿಳಾಸದ ದಾಖಲೆ ಎರಡೂ ಬೇಕು. ಸ್ವಯಂಸೇವಕರು ತುಂಬ ಪ್ರೀತಿಯವರು. ಆದರೂ ಹತ್ತಿರದ ಬಡಾವಣೆಯ ಸೊಮಾಲಿ ಕುಟುಂಬಗಳು, ಸ್ಪ್ಯಾನಿಷ್ ಮಾತನಾಡುವ ಕುಟುಂಬಗಳು ಬರುವುದು ಕಡಿಮೆ. ತರಬೇತಿಯವರು ಬಂದರೆ ಸ್ವಯಂಸೇವಕರ ಒಳಗಿನ ಪೂರ್ವಗ್ರಹದ ಬಗ್ಗೆ ಮಾತನಾಡಿ ಹೋಗುತ್ತಾರೆ. ಒಳ್ಳೆಯ ಸಲಹೆಗಾರ್ತಿ ಒಂದು ವಾರ ಬಾಗಿಲ ಹತ್ತಿರ ಕೂರುತ್ತಾಳೆ. ಯಾರು ಬಂದರು, ಯಾರು ಅರ್ಧದಲ್ಲೇ ವಾಪಸ್ ಹೋದರು ಅಂತ ಎಣಿಸುತ್ತಾಳೆ. ಆ ಬಡಾವಣೆಯ ಜನಗಣತಿ ತೆಗೆದು ಪಕ್ಕದಲ್ಲಿ ಇಡುತ್ತಾಳೆ. ದಿನಗೂಲಿಯವರು ಹಗಲು ಹೊತ್ತು ಹೇಗೆ ಬರುತ್ತಾರೆ ಎಂದು ಕೇಳುತ್ತಾಳೆ. ವಿಳಾಸದ ದಾಖಲೆ ಕೇಳುವುದು ಕಾನೂನೋ, ಅಥವಾ ಯಾರೋ ಒಮ್ಮೆ ಶುರು ಮಾಡಿದ ಅಭ್ಯಾಸವೋ ಅಂತ ಕಡತ ತೆಗೆಸಿ ನೋಡುತ್ತಾಳೆ. ಸಂಬಳದ ಪಟ್ಟಿ ಕೇಳುತ್ತಾಳೆ. ಒಂದೇ ಕೆಲಸಕ್ಕೆ ಯಾರಿಗೆ ಎಷ್ಟು? ಖಾಲಿ ಹುದ್ದೆಯ ಜಾಹೀರಾತಿನಲ್ಲಿ 'ಪದವಿ ಕಡ್ಡಾಯ' ಎಂದು ಬರೆದಿದ್ದೀರಿ, ದಿನಸಿ ಜೋಡಿಸುವವರನ್ನು ನೋಡಿಕೊಳ್ಳುವ ಕೆಲಸಕ್ಕೆ ಪದವಿ ಯಾಕೆ? ಬೋರ್ಡಿನಲ್ಲಿ ಇಲ್ಲಿ ದಿನಸಿ ಪಡೆಯುವವರು ಎಷ್ಟು ಜನ ಇದ್ದಾರೆ?

ಇದು ಬೇಸರ ತರಿಸುವ, ನಿಧಾನದ ಕೆಲಸ. ಇದರ ಫೋಟೋ ಹಾಕಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಸಂಸ್ಥೆಗಳು ತರಬೇತಿಯನ್ನು ಆರಿಸಿಕೊಂಡವು ಅಂತ ನನಗೆ ಅನಿಸುತ್ತದೆ. ತರಬೇತಿ ಒಂದು ದಿನಕ್ಕೆ ಮುಗಿಯುತ್ತದೆ. ಯಾರ ಕುರ್ಚಿಯೂ ಅಲುಗಾಡುವುದಿಲ್ಲ.

ನಮ್ಮಲ್ಲಿ ಇದಕ್ಕೊಂದು ಹಳೆಯ ನೆನಪಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮೈಸೂರು ಸರ್ಕಾರ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿತು. ಸರ್ಕಾರಿ ಕೆಲಸಗಳಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆ ಎಂಬುದೇ ಅದರ ಮುಂದಿದ್ದ ವಿಷಯ. ಮೇಲ್ಜಾತಿಯವರ ಮನಸ್ಸು ಪರಿವರ್ತನೆ ಆಗಲಿ ಎಂದು ಅದು ಕಾಯಲಿಲ್ಲ. ಹುದ್ದೆಗಳನ್ನು ಎಣಿಸಿತು. ಏಳು ವರ್ಷದ ಒಳಗೆ ಇಷ್ಟು ಪಾಲು ಹಿಂದುಳಿದವರಿಗೆ ಸಿಗಬೇಕು ಎಂದು ಗುರಿ ಇಟ್ಟಿತು. ನೂರು ವರ್ಷದ ನಂತರ ಅಮೆರಿಕದ ಸಂಶೋಧಕರು ತಮ್ಮ ಅಂಕಿಗಳಿಂದ ಹೇಳಿದ್ದೂ ಹತ್ತಿರ ಹತ್ತಿರ ಇದೇ ಮಾತು.

ಮನಸ್ಸು ತಿದ್ದುವ ಕೆಲಸ ದಾರಿ ತಪ್ಪಿದ್ದಕ್ಕೆ ಒಂದು ಉದಾಹರಣೆ ಕೊಡಲೇಬೇಕು. 1999ರಲ್ಲಿ ಟೆಮಾ ಓಕನ್ ಎಂಬ ತರಬೇತುದಾರ್ತಿ ಒಂದು ಸಣ್ಣ ಪಟ್ಟಿ ಬರೆದರು. ಬಿಳಿಯರ ಮೇಲುಗೈ ಸಂಸ್ಥೆಗಳ ನಡವಳಿಕೆಯಲ್ಲಿ ಹೇಗೆ ಕಾಣುತ್ತದೆ ಅನ್ನುವ ಪಟ್ಟಿ. ಅದರಲ್ಲಿ ಎಲ್ಲವೂ ಪರಿಪೂರ್ಣ ಇರಬೇಕೆಂಬ ಹಟ, ಸದಾ ಆತುರ, ಬರಹಕ್ಕೆ ಅತಿಯಾದ ಪೂಜೆ ಮುಂತಾದವು ಇದ್ದವು. ಆ ಪಟ್ಟಿ ಸಾವಿರಾರು ಸಂಸ್ಥೆಗಳಿಗೆ ಹೋಯಿತು. ಕೆಲವು ಕಡೆ ಅದನ್ನು ಮಾತುಕತೆಗೆ ಬಳಸಿದರು. ಕೆಲವು ಕಡೆ ಅದೇ ಕೋಲಾಯಿತು. ಡೆಡ್‌ಲೈನ್ ಕೇಳಿದರೆ ಜನಾಂಗಭೇದ, ಲೆಕ್ಕ ಬರೆದಿಡಿ ಅಂದರೆ ಜನಾಂಗಭೇದ. ಹೀಗೆ ಬಳಸಿದ್ದು ತಪ್ಪು ಎಂದು ಓಕನ್ ಅವರೇ ಮುಂದೆ ಹೇಳಿದರು. ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿ ಎಂಬ ಸಣ್ಣ ಎಡಪಂಥೀಯ ಪಕ್ಷದ ನಾಯಕ ಮಾರಿಸ್ ಮಿಚೆಲ್, ಸ್ವತಃ ಕಪ್ಪು ಸಂಘಟಕರು, 2022ರ ಕೊನೆಯಲ್ಲಿ ಬರೆದ ದೀರ್ಘ ಲೇಖನದಲ್ಲಿ ಪ್ರಗತಿಪರ ಸಂಸ್ಥೆಗಳು ಒಳಜಗಳದಲ್ಲೇ ಸೊರಗುತ್ತಿವೆ ಎಂದು ಎಚ್ಚರಿಸಿದರು.

ನನಗೆ 'ಬರಹದ ಪೂಜೆ' ಅನ್ನುವ ಆ ಒಂದು ಸಾಲು ತುಂಬ ಕಾಡುತ್ತದೆ. ಅಕ್ಷರ ಬಿಳಿಯರ ಸ್ವತ್ತೇ? ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದೇ ಅಪರಾಧವಾಗಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅಕ್ಷರ ಕದ್ದು ಕಲಿತವರು. ನಮ್ಮಲ್ಲಿ ಅಕ್ಷರದಿಂದ ದೂರ ಇಟ್ಟಿದ್ದ ಸಮುದಾಯದಲ್ಲಿ ಹುಟ್ಟಿದ ಅಂಬೇಡ್ಕರ್ ದೇಶದ ಸಂವಿಧಾನವನ್ನೇ ಬರೆದರು. ಬಲ ಇಲ್ಲದವರಿಗೆ ಬರೆದಿಟ್ಟ ನಿಯಮವೇ ರಕ್ಷಣೆ. ಬಾಯಿಮಾತಿನ ಲೋಕದಲ್ಲಿ ಗೆಲ್ಲುವುದು ಮೊದಲಿನಿಂದ ಪರಿಚಯ ಇರುವವರು, ದೊಡ್ಡ ದನಿ ಇರುವವರು. ಸಂಬಳದ ಶ್ರೇಣಿ ಬರೆದು ಗೋಡೆಗೆ ಅಂಟಿಸಿದ ದಿನ ಹೆಚ್ಚು ಲಾಭ ಆಗುವುದು ಕಡಿಮೆ ಸಂಬಳ ಪಡೆಯುತ್ತಿದ್ದ ಕಪ್ಪು ಹೆಣ್ಣುಮಗಳಿಗೇ ಅಲ್ವಾ?

ಅಲ್ಲಿರುವ ಕನ್ನಡಿಗರು ಈ ಚಿತ್ರದಲ್ಲಿ ಎಲ್ಲಿ ಬರುತ್ತಾರೆ? ಮೊದಲು ಒಂದು ಋಣ. 1923ರಲ್ಲಿ, ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದಿತ್ತು. ನಮ್ಮವರಿಗೆ ದೊಡ್ಡ ಬಾಗಿಲು ತೆರೆದಿದ್ದು 1965ರ ವಲಸೆ ಕಾನೂನು. ಕಪ್ಪು ಜನರ ಹಕ್ಕಿನ ಹೋರಾಟ ಇಲ್ಲದಿದ್ದರೆ ಆ ಕಾನೂನು ಬರುತ್ತಿರಲಿಲ್ಲ. ನಾವು ಆ ಬಾಗಿಲಿನಿಂದ ಒಳಗೆ ಹೋದವರು.

ಎರಡನೆಯದು 'ಏಷ್ಯನ್' ಎಂಬ ಖಾನೆ. ಅಮೆರಿಕದಲ್ಲಿ ಭಾರತೀಯ ಕುಟುಂಬಗಳ ಆದಾಯ ತುಂಬ ಮೇಲೆ ಇದೆ. 2008ರಿಂದ ನಿರಾಶ್ರಿತರಾಗಿ ಬಂದ ನೇಪಾಳಿ ಮಾತಿನ ಭೂತಾನಿಗರೂ ಅದೇ ಖಾನೆಯಲ್ಲಿ ಬರುತ್ತಾರೆ. ಇಬ್ಬರನ್ನೂ ಕೂಡಿಸಿ ಸರಾಸರಿ ತೆಗೆದರೆ ಏಷ್ಯನ್ನರಿಗೆ ನೆರವೇ ಬೇಡ ಅಂತ ಕಾಣುತ್ತದೆ. ಖಾನೆ ಒಡೆದು ಎಣಿಸಿ ಎಂದು ಹೇಳುವುದು ಒಳ್ಳೆಯ ಸಲಹೆಗಾರರ ಮೊದಲ ಮಾತುಗಳಲ್ಲಿ ಒಂದು.

ಖಾನೆ ಒಡೆಯುತ್ತಾ ಹೋದರೆ ಜಾತಿ ಸಿಗುತ್ತದೆ. ತರಬೇತಿ ಕೋಣೆಯಲ್ಲಿ ಎಲ್ಲ ಭಾರತೀಯರೂ 'ಕಂದು ಜನ', ತಾರತಮ್ಯ ಅನುಭವಿಸುವವರು. ಅದೇ ಕೋಣೆಯಲ್ಲಿರುವ ದಲಿತ ಎಂಜಿನಿಯರ್‌ಗೆ ಪಕ್ಕದ ಭಾರತೀಯನ ಮುಂದೆ ಊರ ಹೆಸರು, ಅಪ್ಪನ ಹೆಸರು ಹೇಳಲು ಭಯ. ಸಿಯಾಟಲ್ ನಗರ ಸಭೆ 2023ರ ಫೆಬ್ರವರಿ 21ರಂದು ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಅದೇ ವರ್ಷ ಕ್ಯಾಲಿಫೋರ್ನಿಯಾ ಶಾಸಕಾಂಗ ಇಂಥದ್ದೇ ಮಸೂದೆ ಪಾಸು ಮಾಡಿತು. ಈಗಿರುವ ಕಾನೂನೇ ಸಾಕು ಎಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಅದನ್ನು ಅಕ್ಟೋಬರ್‌ನಲ್ಲಿ ತಳ್ಳಿಹಾಕಿದರು. ನಮ್ಮ ಕನ್ನಡ ಕೂಟಗಳೂ ಸಮುದಾಯ ಸಂಸ್ಥೆಗಳೇ. ಕಾರ್ಯಕಾರಿ ಸಮಿತಿಯಲ್ಲಿ ಯಾರಿದ್ದಾರೆ, ಹಬ್ಬದೂಟದ ಅಡುಗೆ ಯಾರ ಮನೆಯದು, ಯಾರು ಒಂದು ವರ್ಷ ಬಂದು ಮರುವರ್ಷ ಬರಲಿಲ್ಲ ಎಂಬ ಪ್ರಶ್ನೆಗಳು ಅಲ್ಲಿಗೂ ಸಲ್ಲುತ್ತವೆ.

ಈಗ ಬಿದ್ದಿರುವ ಹೊಡೆತಕ್ಕೆ ಬರೋಣ. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡುವುದನ್ನು ನಿಲ್ಲಿಸಿತು. ಆ ಮೊಕದ್ದಮೆಯ ಹಿಂದಿದ್ದ ಎಡ್ವರ್ಡ್ ಬ್ಲಮ್ ಅವರ ಇನ್ನೊಂದು ಗುಂಪು, ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಮೇಲೆ ಕೋರ್ಟಿಗೆ ಹೋಯಿತು. ಕಪ್ಪು ಮಹಿಳೆಯರು ನಡೆಸುವ ಸಣ್ಣ ವ್ಯಾಪಾರಗಳಿಗೆ ಆ ಫಂಡ್ 20,000 ಡಾಲರ್ ನೆರವು ಕೊಡುತ್ತಿತ್ತು. ಬಳಸಿದ ಕಾನೂನು ಯಾವುದು ಗೊತ್ತಾ? ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೂ ಬಿಳಿಯರ ಹಾಗೆಯೇ ಒಪ್ಪಂದ ಮಾಡಿಕೊಳ್ಳುವ ಹಕ್ಕು ಇರಲಿ ಅಂತ 1866ರಲ್ಲಿ ಮಾಡಿದ ಕಾನೂನು. 2024ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟ್ ಫಂಡ್ ವಿರುದ್ಧ ಹೇಳಿತು. ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಆ ಯೋಜನೆ ಮುಚ್ಚಿತು. ಓದಿದಾಗ ಹೊಟ್ಟೆ ಸಂಕಟವಾಯಿತು.

ನಂತರ 2025ರ ಜನವರಿ 21ರಂದು ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಸರ್ಕಾರಿ ಗುತ್ತಿಗೆದಾರರು ನೇಮಕಾತಿಯಲ್ಲಿ ತಾರತಮ್ಯ ಮಾಡದಂತೆ ಕ್ರಮ ಕೈಗೊಳ್ಳಬೇಕು ಎಂಬ, 1965ರಲ್ಲಿ ಲಿಂಡನ್ ಜಾನ್ಸನ್ ಹೊರಡಿಸಿದ್ದ ಆದೇಶ ಅದರಿಂದ ರದ್ದಾಯಿತು. ಕೇಂದ್ರದ ಹಣ ಪಡೆಯುವ ಸಂಸ್ಥೆಗಳು ತಾವು ಕಾನೂನುಬಾಹಿರ 'ಡಿಇಐ' (ವೈವಿಧ್ಯ, ಈಕ್ವಿಟಿ, ಎಲ್ಲರನ್ನೂ ಒಳಗೊಳ್ಳುವುದು) ಕಾರ್ಯಕ್ರಮ ನಡೆಸುತ್ತಿಲ್ಲ ಎಂದು ಬರೆದುಕೊಡಬೇಕು. ಸುಳ್ಳು ಎಂದು ಸಾಬೀತಾದರೆ ಸರ್ಕಾರಕ್ಕೆ ಆದ ನಷ್ಟದ ಮೂರು ಪಟ್ಟು ಕಟ್ಟಬೇಕಾಗಬಹುದು. ಯಾವುದು ಕಾನೂನುಬಾಹಿರ ಎಂದು ಆದೇಶ ಬಿಡಿಸಿ ಹೇಳಲಿಲ್ಲ. ಮಾರ್ಚ್‌ನಲ್ಲಿ, ಇಂಗ್ಲಿಷ್ ಬಾರದವರಿಗೂ ಸೇವೆ ತಲುಪಿಸಬೇಕೆಂದು 2000ದಲ್ಲಿ ಕ್ಲಿಂಟನ್ ಹೊರಡಿಸಿದ್ದ ಆದೇಶವೂ ರದ್ದಾಯಿತು. ದೊಡ್ಡ ವಿಶ್ವವಿದ್ಯಾಲಯಕ್ಕೆ ವಕೀಲರ ಪಡೆ ಇದೆ. ಐದು ಜನ ಸಿಬ್ಬಂದಿ ಇರುವ ಸಂಸ್ಥೆಗೆ ಇರುವುದು ಭಯ ಮಾತ್ರ. ಹಲವರು ವೆಬ್‌ಸೈಟಿನಿಂದ ಪದಗಳನ್ನು ಅಳಿಸಿದರು. ಸಲಹೆಗಾರರೂ ತಮ್ಮ ಕೆಲಸದ ಹೆಸರು ಬದಲಿಸಿಕೊಳ್ಳುತ್ತಿದ್ದಾರೆ.

ಪದ ಅಳಿಸಿದ್ದು ನನಗೆ ಅಷ್ಟು ದೊಡ್ಡ ನಷ್ಟ ಅನಿಸುವುದಿಲ್ಲ. ಪದದ ಜೊತೆ ಎಣಿಕೆಯೂ ನಿಂತರೆ ಅದು ನಷ್ಟ. ಯಾರು ಬರುತ್ತಿಲ್ಲ ಎಂದು ಎಣಿಸುವುದನ್ನು ಯಾವ ಆದೇಶವೂ ಅಪರಾಧ ಮಾಡಿಲ್ಲ. ಸಂಬಳದ ಶ್ರೇಣಿ ಬಹಿರಂಗ ಮಾಡಬಹುದು. ಬೇಡದ ಪದವಿಯ ಷರತ್ತು ತೆಗೆಯಬಹುದು. ಫಾರಂ ಸ್ಪ್ಯಾನಿಷ್‌ನಲ್ಲೂ ಸೊಮಾಲಿಯಲ್ಲೂ ಅಚ್ಚು ಹಾಕಿಸಬಹುದು. ಸಿಯಾಟಲ್‌ನ ಬಲ್ಬು ಬದಲಿಸುವಾಗ ಯಾರ ಜನಾಂಗವನ್ನೂ ಕೇಳಬೇಕಾಗಿರಲಿಲ್ಲ. ಆದರೆ ಜನಾಂಗದ ಲೆಕ್ಕ ನೋಡದೆ ಹೋಗಿದ್ದರೆ ಆ ಕತ್ತಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಾವು ಊಹಿಸಿಕೊಂಡ ಆ ಫುಡ್ ಪ್ಯಾಂಟ್ರಿಯ ಬೋರ್ಡಿನ ಮುಂದೆ ಈಗ ಎರಡು ಕಾಗದ ಇವೆ. ಒಂದು, ಸರ್ಕಾರಕ್ಕೆ ಬರೆದುಕೊಡಬೇಕಾದ ಪತ್ರ. ಅದನ್ನು ವಕೀಲರಿಗೆ ತೋರಿಸಬೇಕು. ಇನ್ನೊಂದು, ಶನಿವಾರ ಸಂಜೆ 4ರಿಂದ 8ರವರೆಗೆ ಬಾಗಿಲು ತೆರೆಯುವ ಪ್ರಸ್ತಾಪ. ಅದಕ್ಕೆ ಬೇಕಿರುವುದು ನಾಲ್ಕು ಸ್ವಯಂಸೇವಕರು, ಅವರಲ್ಲಿ ಸೊಮಾಲಿ ಬರುವ ಒಬ್ಬರು, ಮತ್ತು ಬೀಗದ ಕೈ ಇಟ್ಟುಕೊಳ್ಳಲು ಒಪ್ಪುವ ಒಬ್ಬರು.